ಬಡ್ತಿ ಸಂದರ್ಶನದಲ್ಲಿ ಪಕ್ಷಪಾತವೇ? ಆಕ್ಷೇಪ ಮೊದಲು, ಮೊಕದ್ದಮೆ ಆಮೇಲೆ

ನಾನು ನಿವೃತ್ತನಾಗಿ ವರ್ಷಗಳಾದವು. ಆದರೂ ಬಡ್ತಿ ಪಟ್ಟಿ ಹೊರಬಿದ್ದ ಮರುದಿನ ಕಡತವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಜಗಲಿಗೆ ಬರುವವರು ನಿಂತಿಲ್ಲ. ಎಲ್ಲರೂ ನಮ್ಮ ಕೇರಳದ ಕಾಸರಗೋಡಿನ ಕನ್ನಡಿಗರು; ಒಬ್ಬರು ಮಂಜೇಶ್ವರದವರು, ಇನ್ನೊಬ್ಬರು ಬದಿಯಡ್ಕದವರು, ಮಾತು ಮಾತ್ರ ಒಂದೇ: "ಬೋರ್ಡಿನಲ್ಲಿ ಕುಳಿತವರು ಆಯ್ಕೆಯಾದವನ ಸ್ವಂತ ಭಾವ ಸರ್, ಇಡೀ ಕಚೇರಿಗೆ ಗೊತ್ತಿತ್ತು." ಆ 'ಗೊತ್ತಿತ್ತು' ಎಂಬ ಪದವೇ ಮುಂದೆ ಅವರ ಕೇಸನ್ನು ಮುಳುಗಿಸುತ್ತದೆ. ಗೊತ್ತಿದ್ದರೆ ಮೊದಲೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರುವುದಿಲ್ಲ.

ಮೊದಲ ಹೆಜ್ಜೆ, ನಿಮ್ಮ ದೂರು ಯಾವ ಬಗೆಯದು ಎಂದು ನೋಡಿಕೊಳ್ಳಿ. ಸಮಿತಿಯ ಸದಸ್ಯ ಅಭ್ಯರ್ಥಿಯ ನೆಂಟನೇ, ಅದೇ ಹುದ್ದೆಗೆ ತಾನೂ ಸ್ಪರ್ಧಿಯೇ, ನಿಮ್ಮೊಂದಿಗೆ ಹಳೆಯ ವ್ಯಾಜ್ಯವಿದೆಯೇ? ಇದ್ದರೆ ಅದು ಪಕ್ಷಪಾತದ ಪ್ರಶ್ನೆ. ಅವನು ನಿಜವಾಗಿ ಪಕ್ಷಪಾತ ಮಾಡಿದ ಎಂದು ನೀವು ತೋರಿಸಬೇಕಾಗಿಲ್ಲ, ಸಮಂಜಸವಾದ ಸಂಭವ ಇದ್ದರೆ ಸಾಕು. 1969ರ ಕ್ರೈಪಾಕ್ ಪ್ರಕರಣದಲ್ಲಿ ಜಮ್ಮು–ಕಾಶ್ಮೀರದ ಅರಣ್ಯಾಧಿಕಾರಿಯೊಬ್ಬರು ಆಯ್ಕೆ ಮಂಡಳಿಯಲ್ಲೂ ಇದ್ದರು, ಅಭ್ಯರ್ಥಿಗಳ ಸಾಲಿನಲ್ಲೂ ಇದ್ದರು. ತಮ್ಮ ಹೆಸರು ಬಂದಾಗ ಎದ್ದು ಹೋಗಿದ್ದರು, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತಿದ್ದರು. ಸುಪ್ರೀಂ ಕೋರ್ಟು ಇಡೀ ಆಯ್ಕೆಯನ್ನೇ ರದ್ದುಪಡಿಸಿತು. "ಪ್ರಶ್ನೆಯೆಲ್ಲ ಮಲಯಾಳದಲ್ಲೇ ಕೇಳಿದರು, ನನಗೆ ತಡವರಿಸಿತು" ಎನ್ನುವುದು ನಮ್ಮ ಗಡಿಯವರ ನಿಜವಾದ ನೋವು. ಆದರೆ ಅದನ್ನು ಪಕ್ಷಪಾತದ ತಲೆಬರಹದಡಿ ತುರುಕಬೇಡಿ, ಬೇರೆ ಆಧಾರವಾಗಿ ಬರೆಯಿರಿ. "ನನಗೆ ಕಡಿಮೆ ಅಂಕ ಕೊಟ್ಟರು" ಎಂಬುದಷ್ಟೇ ಇದ್ದರೆ ಮನೆಯಲ್ಲಿರಿ. ಆಯ್ಕೆ ಸಮಿತಿಯ ಅಂಕವನ್ನು ನ್ಯಾಯಾಲಯ ಮೇಲ್ಮನವಿಯಂತೆ ತಿದ್ದುವುದಿಲ್ಲ ಎಂದು 1990ರ ಸೋಳಂಕೆ ಪ್ರಕರಣದಲ್ಲೇ ತೀರ್ಮಾನವಾಗಿದೆ.

ಎರಡನೆಯದು ಆಕ್ಷೇಪಣಾ ಪತ್ರ. ಎಲ್ಲರೂ ಎಡವುವುದು ಇಲ್ಲಿಯೇ. ಸದಸ್ಯರು ಯಾರೆಂದು ತಿಳಿದೂ ಸುಮ್ಮನೆ ಕುಳಿತು, ಫಲಿತಾಂಶ ವಿರುದ್ಧವಾದ ಮೇಲೆ ಕೂಗಿದವರಿಗೆ ಸುಪ್ರೀಂ ಕೋರ್ಟು ಬಾಗಿಲು ಹಾಕಿದೆ. 1976ರ ಸರಣ ಪ್ರಕರಣ, 1995ರ ಮದನ್ ಲಾಲ್ ಪ್ರಕರಣ, ಎರಡರ ತಿರುಳೂ ಅದೇ. ಆದ್ದರಿಂದ ಹೆಸರು ತಿಳಿದ ದಿನವೇ ಬರೆಯಿರಿ. ನೇಮಕ ಮಾಡುವ ಅಧಿಕಾರಿಗೆ ಬರೆಯಬೇಕು, ಸಮಿತಿಯ ಅಧ್ಯಕ್ಷರಿಗೆ ಪ್ರತಿ ಹೋಗಬೇಕು. ಒಂದೇ ಪುಟ. ಯಾರು, ಯಾವ ಅಭ್ಯರ್ಥಿಗೆ ಏನಾಗಬೇಕು, ನಿಮಗೆ ಅದು ತಿಳಿದ ದಿನಾಂಕ ಯಾವುದು, ಅವರು ಸಮಿತಿಯಿಂದ ಸಂಪೂರ್ಣ ಹೊರಗುಳಿಯಬೇಕೆಂಬ ಕೋರಿಕೆ, ಇಷ್ಟೇ. 'ಸಂಪೂರ್ಣ' ಎಂಬ ಪದ ಬಿಡಬೇಡಿ. 1985ರ ಅಶೋಕ್ ಕುಮಾರ್ ಯಾದವ್ ತೀರ್ಪಿನ ಪ್ರಕಾರ ಸಾಮಾನ್ಯ ಆಯ್ಕೆ ಸಮಿತಿಯಲ್ಲಿ ನೆಂಟನಾದವನು ತನ್ನವನ ಸರದಿಗೆ ಎದ್ದು ಹೋದರೆ ಸಾಲದು, ಇಡೀ ಪ್ರಕ್ರಿಯೆಯಿಂದಲೇ ಸರಿಯಬೇಕು. ಲೋಕಸೇವಾ ಆಯೋಗದ ಸದಸ್ಯರಿಗೆ ಮಾತ್ರ ಆ ಒಂದು ಸಂದರ್ಶನದಿಂದ ಸರಿದರೆ ಸಾಕು.

ಪತ್ರವನ್ನು ಎರಡು ಪ್ರತಿ ಮಾಡಿ ಆ ಕಚೇರಿಯ ತಪಾಲು ವಿಭಾಗಕ್ಕೆ ನೀವೇ ಹೋಗಿ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಒಳಬಂದ ಸಂಖ್ಯೆ ಮೂರೂ ಬೀಳುವವರೆಗೆ ಮೇಜಿನ ಮುಂದೆಯೇ ನಿಲ್ಲಿ. "ಇಟ್ಟು ಹೋಗಿ, ಆಮೇಲೆ ಹಾಕುತ್ತೇವೆ" ಎಂದರೆ ನಗುತ್ತ ನಿಲ್ಲಿ. ಒಬ್ಬ ಗೆಳೆಯನ ಪ್ರತಿಯಲ್ಲಿ ಮೊಹರಿತ್ತು, ದಿನಾಂಕದ ಜಾಗ ಮಸಿ ಕದಡಿತ್ತು. ಅದು ಸಂದರ್ಶನದ ಮೊದಲೋ ಆಮೇಲೋ ಎಂದು ಸಾಬೀತು ಮಾಡುವುದರಲ್ಲೇ ಎರಡು ವಿಚಾರಣೆ ಕಳೆದವು. ಸ್ಪೀಡ್ ಪೋಸ್ಟ್ ಮಾಡಿದರೆ ರಸೀದಿಯನ್ನು ಅಂದೇ ನೆರಳಚ್ಚು ಮಾಡಿಸಿ, ಆ ನಯಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಕನ್ನಡದಲ್ಲಿ ಬರೆಯುವ ಹಕ್ಕನ್ನು 1969ರ ಕೇರಳದ ಭಾಷಾ ಕಾಯ್ದೆ ಕಾಸರಗೋಡಿನವರಿಗೆ ಕೊಟ್ಟಿದೆ. ಆದರೂ ಇಂಗ್ಲಿಷ್ ಪ್ರತಿಯೊಂದನ್ನು ಜೊತೆಗಿಡಿ, ನಾಳೆ ಎರ್ನಾಕುಳಂನ ವಕೀಲರು ಓದಬೇಕಲ್ಲ. ಪೇಟೆಯ ಡಿಟಿಪಿ ಅಂಗಡಿಗಳ ಸಿದ್ಧ ನಮೂನೆ ಬೇಡವೇ ಬೇಡ, ಅದರಲ್ಲಿ ಬೈಗುಳ ಹೆಚ್ಚು, ದಿನಾಂಕ ಕಡಿಮೆ. ಹೆಸರಿಲ್ಲದ ಮೂಗರ್ಜಿಯಂತೂ ನಿಮ್ಮ ಹೆಸರಿನ ಪತ್ರದ ಬೆಲೆಯನ್ನೂ ಕಳೆಯುತ್ತದೆ.

ಪತ್ರ ಕೊಟ್ಟ ಮೇಲೆ ಸಂದರ್ಶನಕ್ಕೆ ಹೋಗಿ. ಸಿಟ್ಟಿನಿಂದ ಬಹಿಷ್ಕರಿಸಿದರೆ ನೀವು ಅಭ್ಯರ್ಥಿಯೇ ಅಲ್ಲ ಎಂದಾಗುತ್ತದೆ. ಸದಸ್ಯರ ಮುಖ ಕಂಡದ್ದೇ ಕೋಣೆಯೊಳಗೆ ಎಂದಾದರೆ ಅಂದು ಸಂಜೆಯೊಳಗೆ ಪತ್ರ ಹೋಗಲಿ, ಪಟ್ಟಿ ಹೊರಬೀಳುವವರೆಗೆ ಕಾಯಬೇಡಿ.

ಪಟ್ಟಿ ಬಂದ ಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ ಹಾಕಿ, ಉತ್ತರಕ್ಕೆ 30 ದಿನ. ಅಂಕಗಳನ್ನೂ ಅಂಕ ಹಂಚಿಕೆಯ ಮಾನದಂಡವನ್ನೂ ಕೇಳಿ. ಸಂದರ್ಶಕರ ಹೆಸರು ಕೊಡಬೇಕಾಗಿಲ್ಲ ಎಂಬ 2012ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ, ಆದ್ದರಿಂದ ಹೆಸರನ್ನು ಈ ದಾರಿಯಲ್ಲಿ ಪಡೆಯುವ ಭರವಸೆ ಬೇಡ. ಜೊತೆಗೇ ಇಲಾಖೆಗೆ ಒಂದು ಮನವಿ ಸಲ್ಲಿಸಿ. ಆರು ತಿಂಗಳು ಉತ್ತರವಿಲ್ಲದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ, ನೌಕರರ ಸೇವಾ ವ್ಯಾಜ್ಯ ನೋಡುವ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ತಿರಸ್ಕರಿಸಿ ಆದೇಶ ಬಂದರೆ ಆ ದಿನದಿಂದ ಒಂದು ವರ್ಷ. ನೆನಪೋಲೆ ಮೇಲೆ ನೆನಪೋಲೆ ಬರೆದರೆ ಈ ಗಡುವು ಹಿಗ್ಗುವುದಿಲ್ಲ.

ರಾಜ್ಯ ನೌಕರರು ಕೇರಳ ಆಡಳಿತ ನ್ಯಾಯಮಂಡಳಿಗೆ, ಕೇಂದ್ರದವರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ. ಎರಡಕ್ಕೂ ಎರ್ನಾಕುಳಂನಲ್ಲಿ ಪೀಠವಿದೆ, ರಾತ್ರಿ ರೈಲು ಸಾಕು. ಅನುದಾನಿತ ಶಾಲೆಯವರು ನೇರ ಹೈಕೋರ್ಟಿಗೆ. ನ್ಯಾಯಮಂಡಳಿಯಲ್ಲಿ ಸೋತವರಿಗೂ ಹೈಕೋರ್ಟಿನ ವಿಭಾಗೀಯ ಪೀಠದ ದಾರಿಯನ್ನು 1997ರ ಚಂದ್ರಕುಮಾರ್ ತೀರ್ಪು ತೆರೆದಿಟ್ಟಿದೆ.

ಅರ್ಜಿಯಲ್ಲಿ ಇಲಾಖೆಯನ್ನು ಮಾತ್ರ ಪ್ರತಿವಾದಿ ಮಾಡಿ ಬಂದವರಿದ್ದಾರೆ. ಆಯ್ಕೆಯಾದವರನ್ನು ಸೇರಿಸದಿದ್ದರೆ ಅವರ ಬಡ್ತಿಯನ್ನು ಮುಟ್ಟಲಾಗದು. ದುರುದ್ದೇಶ ಆರೋಪಿಸುವುದಾದರೆ ಆ ಅಧಿಕಾರಿಯನ್ನು ಹೆಸರಿಟ್ಟೇ ಪ್ರತಿವಾದಿ ಮಾಡಬೇಕು. ಅದರ ಪುರಾವೆಯ ಹೊರೆ ಭಾರವಾದದ್ದು, ನನ್ನನ್ನು ಕೇಳಿದರೆ ನೆಂಟಸ್ತಿಕೆ ಒಂದೇ ಸಾಕಾದಾಗ ದುರುದ್ದೇಶದ ತಂಟೆಗೆ ಹೋಗಲೇಬೇಡಿ.

ಗೆದ್ದರೆ ಕೈಗೆ ಬಡ್ತಿಯ ಆದೇಶ ಸಿಗುತ್ತದೆಂದು ಸಿಹಿ ಹಂಚಬೇಡಿ. ಸಾಮಾನ್ಯವಾಗಿ ಸಿಗುವುದು ಹಳೆಯ ಆಯ್ಕೆಯ ರದ್ದತಿ ಮತ್ತು ಬೇರೆ ಸಮಿತಿಯ ಮುಂದೆ ಮತ್ತೊಂದು ಸಂದರ್ಶನ. ಆ ಸಮಿತಿಯ ಹೆಸರುಗಳು ಬಂದ ದಿನವೇ ಕನ್ನಡಕ ಹಾಕಿಕೊಂಡು ಓದಿ.