ಬ್ರೇಕ್ ಆಯಿಲ್ ಎಲ್ಲಿಗೆ ಹೋಗುತ್ತಿತ್ತು?

ಬೆಳಗಾವಿಯಿಂದ ಗೋವಾದ ಮಾಪುಸಾಕ್ಕೆ ತರಕಾರಿ ತರುವುದು ನನ್ನ ಕೆಲಸ. ದಾರಿ ಚೋರ್ಲಾ ಘಾಟ್. ಗಾಡಿ 2006ರ ಪಿಕಪ್, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಮಳೆಗಾಲ ಮುಗಿಯುವ ಹೊತ್ತಿಗೆ, ಪೆಡಲ್ ಒತ್ತಿದ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್ ಕಡಿಮೆಯಾಗತೊಡಗಿತು. ಮೂರು ವಾರ ಸುಮ್ನೆ ಡಬ್ಬಿಗೆ ಸುರಿಯುತ್ತಾ ಹೋದೆ. ದಡ್ಡತನ. ಓಡಿದಷ್ಟೂ ಖರ್ಚಾಗೋಕೆ ಅದೇನು ಡೀಸೆಲ್ಲಾ? ಡಿಸ್ಕಿಗೆ, ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪ್ಯಾಡ್, ಲೈನರ್ ಸವೆದ ಹಾಗೆ ಮಟ್ಟ ಸ್ವಲ್ಪ ಇಳಿಯುತ್ತದೆ, ಅಷ್ಟೇ. ವಾರವಾರ ಸುರಿಯಬೇಕು ಅಂದರೆ ಎಲ್ಲೋ ಸೋರುತ್ತಿದೆ.

ಒಂದು ಬೆಳಗ್ಗೆ ಘಾಟ್ ಇಳಿಯುವಾಗ, ಕೆಳಗೆ ಅಂಜುಣೆ ಡ್ಯಾಮಿನ ನೀರು ಕಾಣುವ ಹೊತ್ತಿಗೆ, ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯಿತು. ಎರಡು ಸಲ ಒತ್ತಿ ಬಿಟ್ಟ ಮೇಲೆ ಹಿಡಿಯಿತು. ಫಸ್ಟ್ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕಿನ ಮೇಲೆ ಕೈಯಿಟ್ಟು, ಘಾಟಿನ ಬುಡದ ಕೇರಿ ಅನ್ನೋ ಊರಿಗೆ ಬಂದು ನಿಲ್ಲಿಸಿದೆ. ಹಿಂದಿನ ಎಡ ಟೈರಿನ ಒಳಮೈ ಒದ್ದೆ. ಅದು ಆಕ್ಸಲ್ಲಿನ ಗೇರ್ ಆಯಿಲ್ಲೂ ಆಗಿರಬಹುದಿತ್ತು. ಬೆರಳಿಗೆ ಹಚ್ಚಿಕೊಂಡು ನೀರು ಹಾಕಿದೆ, ತೊಳೆದು ಹೋಯಿತು. ಗೇರ್ ಆಯಿಲ್ ಹಾಗೆ ಹೋಗಲ್ಲ, ಅಂಟಿಕೊಂಡೇ ಇರುತ್ತದೆ. ಟೊಮೆಟೊ ಬೇರೆ ಗಾಡಿಗೆ ಹಾಕಿಸಿ, ನಮ್ಮದನ್ನು ಎಳೆಸಿಕೊಂಡು ಬಂದೆ.

ಮರುದಿನ ಅಕ್ಕನ ಮಗನನ್ನು ಜೊತೆಗಿಟ್ಟುಕೊಂಡು ಕೆಲಸಕ್ಕೆ ಇಳಿದೆ. ಗಾಡಿಗೆ ಆಸರೆ ಕೊಡಲು ಅವನು ಅಂಗಳದ ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಹೊತ್ತು ತಂದ. ಗೋವಾದಲ್ಲಿ ಕೈಗೆ ಸಿಗುವುದೇ ಅದು, ಅಲ್ವಾ? ಗೋಡೆಗೆ ಸರಿ. ಭಾರ ಒಂದೇ ಕಡೆ ಬಿದ್ದರೆ ಅದು ಪುಡಿಯಾಗುತ್ತದೆ. ಪಕ್ಕದ ಗ್ಯಾರೇಜಿನಿಂದ ಕಬ್ಬಿಣದ ಸ್ಟ್ಯಾಂಡ್ ಇಸಿದುಕೊಂಡು ಬಂದೆ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟೆವು.

ಡ್ರಮ್ ಅಲುಗಲಿಲ್ಲ. ಅದರ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇರುತ್ತವೆ. ಎರಡಕ್ಕೂ ಬೋಲ್ಟ್ ಹಾಕಿ ಸಮವಾಗಿ ಬಿಗಿದರೆ ತಾನೇ ಹೊರಗೆ ಬರುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ನೀರು ಚಿಮುಕಿಸಿ ಬಟ್ಟೆಯಲ್ಲಿ ಒರೆಸಿದೆ.

ಆಯಿಲ್ ಒತ್ತಡದಿಂದ ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದೆ. ಆಯಿಲ್ ಬಳಬಳ ಸುರಿಯಿತು. ಹೊಸ ರಬ್ಬರಿನ ಕಿಟ್ ಹಾಕಿ ಮುಗಿಸೋಣ ಅಂತಿದ್ದೆ. ಆದರೆ ಒಳಗೋಡೆಯ ಮೇಲೆ ಉಗುರಾಡಿಸಿದರೆ ತುಕ್ಕು ತಿಂದ ಗುಳಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಆ ನೀರು ಒಳಗಿಂದ ತುಕ್ಕು ಹಿಡಿಸುತ್ತದೆ. ಕುದಿಯುವ ಮಟ್ಟವೂ ಇಳಿಯುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸತಾಗಿದ್ದಾಗ ಕುದಿಯದೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಬೇಕು, ನೀರು ಕುಡಿದ ಮೇಲೆ ಬರೀ 140. ಡಾಟ್ 4 ಆದರೆ 230 ಮತ್ತು 155. ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ಒತ್ತಿದರೂ ಹಿಡಿಯಲ್ಲ, ಘಾಟ್ ಇಳಿಯುವವರಿಗೆ ಇದು ಸಣ್ಣ ಲೆಕ್ಕವಲ್ಲ. ಗುಳಿ ಬಿದ್ದ ಸಿಲಿಂಡರಿಗೆ ಹೊಸ ರಬ್ಬರ್ ಹಾಕಿದರೂ ತಿಂಗಳಲ್ಲಿ ಹರಿದುಹೋಗುತ್ತದೆ. ಇಡೀ ಸಿಲಿಂಡರನ್ನೇ ಬದಲಿಸಿದೆ.

ಆಯಿಲ್ ಕುಡಿದ ಲೈನರನ್ನು ಪೆಟ್ರೋಲ್ ಹಾಕಿ ಸುಟ್ಟು ಮತ್ತೆ ಹಾಕುವವರಿದ್ದಾರೆ. ನನಗೆ ಧೈರ್ಯವಿಲ್ಲ. ಎಡ, ಬಲ ಎರಡೂ ಕಡೆ ಹೊಸ ಶೂ (ಲೈನರ್ ಕೂರಿಸಿದ ಪಟ್ಟಿ) ಹಾಕಿದೆ. ಒಂದೇ ಕಡೆ ಹಾಕಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಪೈಪ್ ಬಿಚ್ಚುವಾಗ ಒಂದು ಎಡವಟ್ಟು ಮಾಡಿಕೊಂಡೆ. ಸಮುದ್ರದ ಉಪ್ಪುಗಾಳಿಗೆ ನಟ್ ಪೈಪಿಗೇ ಕಚ್ಚಿಕೊಂಡಿತ್ತು. ಪಾನಾ ತಿರುಗಿಸಿದೆ, ಪೈಪೂ ಜೊತೆಗೆ ತಿರುಗಿ ಹಗ್ಗದ ಹಾಗೆ ಹುರಿಯಾಯಿತು. ಮಾಪುಸಾದಲ್ಲಿ ಅಳತೆ ಕೊಟ್ಟು, ತುದಿ ಎರಡು ಮಡಿಕೆ ಮಾಡಿಸಿ ಹೊಸದು ತಂದೆ. ಅರ್ಧ ದಿನ ಹೋಯಿತು.

ಕೊನೆಗೆ ಪೈಪಿನೊಳಗೆ ಸೇರಿದ ಏರ್ ತೆಗೆಯುವ ಕೆಲಸ. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು ಮಾಡಬೇಕು. ನಮ್ಮ ಗಾಡಿಯಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಾನು ಕೆಳಗೆ, ಏರ್ ಬಿಡುವ ತಿರುಪು ನಿಪ್ಪಲ್ ಹತ್ತಿರ, ಅಳಿಯ ಮೇಲೆ ಪೆಡಲ್ ಹತ್ತಿರ.

"ಒತ್ತಿ ಹಿಡಿ. ನಾ ಹೇಳೂತನ ಬಿಡಬ್ಯಾಡ."

"ಮಾಮಾ, ಪೆಡಲ್ ಕೆಳಗ ಹೋತು!" ಅಂತ ಗಾಬರಿಯಾಗಿ ಕಾಲು ತೆಗೆದುಬಿಟ್ಟ. ನಿಪ್ಪಲ್ ಇನ್ನೂ ತೆರೆದೇ ಇತ್ತು. ಸರ್ರನೆ ಗಾಳಿ ಒಳಗೆ ಹೋಯಿತು. ಮತ್ತೆ ಮೊದಲಿಂದ. ತಪ್ಪು ನಂದೇ. ನಿಪ್ಪಲ್ ಬಿಚ್ಚಿದಾಗ ಪೆಡಲ್ ಇಳಿಯುತ್ತೆ ಅಂತ ಮೊದಲೇ ಹೇಳಬೇಕಿತ್ತು. ಎರಡನೇ ಸುತ್ತಿನಲ್ಲಿ ಡಬ್ಬಿ ಖಾಲಿಯಾಗದಂತೆ ನೋಡಿಕೊಂಡೆವು. ನಿಪ್ಪಲಿನ ನಳಿಕೆಯ ತುದಿಯನ್ನು ಬಾಟಲಿಯ ಆಯಿಲ್‌ನಲ್ಲಿ ಮುಳುಗಿಸಿದ್ದೆ. ಗುಳ್ಳೆ ನಿಲ್ಲುವವರೆಗೆ ಬಿಡಲಿಲ್ಲ. ಬಣ್ಣದ ಮೇಲೆ ಬಿದ್ದ ಹನಿಗೆ ಕೂಡಲೇ ನೀರು ಹಾಕಿದೆ, ಇಲ್ಲದಿದ್ದರೆ ಬಣ್ಣ ಏಳುತ್ತದೆ.

ಇಂಜಿನ್ ಬಂದ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ಒತ್ತಿದೆ, ಗಟ್ಟಿಯಾಯಿತು. ಒತ್ತಿಕೊಂಡೇ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಇಳಿಯಿತು. ಅಂದರೆ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಸರಿ ಇದೆ. ಡೀಸೆಲ್ ಉಳಿಸೋಕೆ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುವ ಪುಣ್ಯಾತ್ಮರು ಇದನ್ನು ನೆನಪಿಡಬೇಕು. ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಕೊಡುವ ಪಂಪ್ ತಿರುಗುವುದು ಇಂಜಿನ್ ಜೊತೆಗೇ, ಇಂಜಿನ್ ನಿಂತರೆ ನಾಲ್ಕಾರು ಒತ್ತಿಗೆ ಪೆಡಲ್ ಕಲ್ಲಾಗುತ್ತದೆ.

ಖಾಲಿ ಗಾಡಿಯಲ್ಲಿ ಘಾಟ್ ಹತ್ತಿ, ಸೆಕೆಂಡ್ ಗೇರಿನಲ್ಲಿ ಇಳಿದೆ. ಕೇರಿಯಲ್ಲಿ ನಿಲ್ಲಿಸಿ ಡ್ರಮ್‌ಗಳ ಹತ್ತಿರ ಕೈ ಹಿಡಿದೆ. ಎಡದ್ದು ಜಾಸ್ತಿ ಬಿಸಿ. ಶೂ ಉಜ್ಜುತ್ತಿದೆ ಅಂತ, ಮನೆಗೆ ಬಂದು ಶೂ, ಡ್ರಮ್ ನಡುವಿನ ಸಂದು ಹೊಂದಿಸುವ ಅಡ್ಜಸ್ಟರನ್ನು ಎರಡು ಹಲ್ಲು ಸಡಿಲಿಸಿದೆ. ಆಯಿಲ್ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಎರಡು ತಿಂಗಳಾಯಿತು, ಆಯಿಲ್ ಆ ಗೆರೆ ಬಿಟ್ಟು ಇಳಿದಿಲ್ಲ.