ಮಯೆಲೋಮಾ ರೋಗಿಯ ಎದೆಯ ಸ್ಕ್ಯಾನ್ ವರದಿಯನ್ನು ಓದುವ ಬಗೆ

ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಯೂ ಸೇರಿದಂತೆ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗಳಿಗೆ ಬರುವ ಮಲ್ಟಿಪಲ್ ಮಯೆಲೋಮಾ ರೋಗಿಗಳ ಮನೆಯವರು, ಎದೆಯ ಸ್ಕ್ಯಾನ್ ವರದಿಯಲ್ಲಿ ‘ಎಕ್ಸ್‌ಟ್ರಾಮೆಡುಲರಿ’ ಎಂಬ ಪದ ಕಂಡೊಡನೆ ಕಂಗಾಲಾಗುವುದುಂಟು. ಪ್ಲಾಸ್ಮಾ ಕೋಶಗಳ (ಪ್ರತಿಕಾಯಗಳನ್ನು ತಯಾರಿಸುವ ರಕ್ತಕೋಶಗಳ) ಈ ಕ್ಯಾನ್ಸರ್ ಮೂಳೆಯೊಳಗಿನ ಮಜ್ಜೆಯನ್ನು ದಾಟಿ ಹೊರಗೂ ಬೆಳೆದಿದೆ ಎಂಬುದು ಆ ಪದದ ಅರ್ಥ. ಅದು ಯಾವ ದಾರಿಯಲ್ಲಿ ದಾಟಿತು ಎಂಬುದನ್ನು ಉಳಿದ ಸಾಲುಗಳಲ್ಲಿ ಹುಡುಕಬೇಕು.

ಮೊದಲು ಪಕ್ಕೆಲುಬು, ಎದೆಮೂಳೆ, ಬೆನ್ನುಮೂಳೆಗಳ ವಿವರವನ್ನು ಓದಿ. ಪಕ್ಕೆಲುಬು ಸವೆದು ಉಬ್ಬಿದೆ, ಅದರ ಹೊರಪದರ ಒಡೆದಿದೆ, ಅಲ್ಲಿಯೇ ಮೆದು ಗಡ್ಡೆಯೊಂದು ಶ್ವಾಸಕೋಶವನ್ನು ಒಳಕ್ಕೆ ಒತ್ತುತ್ತಿದೆ ಎಂದಿದ್ದರೆ, ರೋಗವು ಮೂಳೆಯಿಂದ ನೇರವಾಗಿ ಹೊರಬಂದಿದೆ ಎಂದು ತಿಳಿಯಬಹುದು. ಇಂತಹ ಗಡ್ಡೆಯ ಅಂಚು ಎದೆಗೋಡೆಯನ್ನು ಇಳಿಜಾರಾಗಿ ಕೂಡಿಕೊಳ್ಳುತ್ತದೆ. ಶ್ವಾಸಕೋಶದೊಳಗೇ ಹುಟ್ಟಿದ ಗಡ್ಡೆ ಸಾಮಾನ್ಯವಾಗಿ ಹಾಗಿರುವುದಿಲ್ಲ. ಮೂಳೆಯ ಸಾಂದ್ರತೆ ಸುಮಾರು ಮೂರನೆಯ ಒಂದು ಭಾಗವಾದರೂ ಕರಗುವವರೆಗೆ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದಾದ್ದರಿಂದ, ಎಕ್ಸ್‌ರೇ ಚೆನ್ನಾಗಿದೆಯೆಂದು ಸಿ.ಟಿ.ಯನ್ನು ಮುಂದೂಡುವುದು ಸರಿಯಲ್ಲ.

ಮೂಳೆಗೆ ಅಂಟಿಕೊಳ್ಳದೆ ಶ್ವಾಸಕೋಶದಲ್ಲಿ ಗಂಟುಗಳು, ಎದೆಯ ನಡುವೆ ದುಗ್ಧಗ್ರಂಥಿಗಳ ಊತ ಅಥವಾ ಶ್ವಾಸಕೋಶವನ್ನು ಸುತ್ತುವರಿದ ಪ್ಲೂರಾ ಪೊರೆಯ ದಪ್ಪಗಾಗುವಿಕೆ ಇದ್ದರೆ, ರೋಗ ರಕ್ತದ ಮೂಲಕ ಹರಡಿರುವ ಸಾಧ್ಯತೆಯಿದೆ. ಇದು ಅಪರೂಪ, ಆದರೆ ಹೆಚ್ಚು ಗಂಭೀರ. ಇಲ್ಲಿ ಅವಸರದ ತೀರ್ಮಾನ ಬೇಡ. ರೋಗನಿರೋಧಕ ಶಕ್ತಿ ಕುಗ್ಗಿದ ಈ ರೋಗಿಗಳಲ್ಲಿ ಕ್ಷಯ, ನ್ಯುಮೋನಿಯಾ, ಶಿಲೀಂಧ್ರದ ಸೋಂಕುಗಳೂ ಹೀಗೆಯೇ ಕಾಣುತ್ತವೆ, ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತವೆ.

ಎದೆಯಲ್ಲಿ ನೀರು ತುಂಬಿದೆ ಎಂಬ ಸಾಲೇ ಹೆಚ್ಚು ಗೊಂದಲ ಹುಟ್ಟಿಸುವುದು. ಹೃದಯ ಅಥವಾ ಮೂತ್ರಪಿಂಡದ ವೈಫಲ್ಯ, ಸೋಂಕು, ಅಮಿಲಾಯ್ಡ್ ಎಂಬ ಅಸಹಜ ಪ್ರೋಟೀನಿನ ಶೇಖರಣೆ ಇವೇ ಅದಕ್ಕೆ ಸಾಮಾನ್ಯ ಕಾರಣಗಳು. ಮಯೆಲೋಮಾ ಕೋಶಗಳೇ ನೀರಿನಲ್ಲಿರುವುದು ವಿರಳ. ಯಾವುದೆಂದು ಚಿತ್ರ ಹೇಳಲಾರದು. ನೀರನ್ನು ಸೂಜಿಯಿಂದ ತೆಗೆದು ಕೋಶಪರೀಕ್ಷೆಯನ್ನೂ, ಸಿ.ಡಿ. 138 ಎಂಬ ಪ್ರೋಟೀನ್ ಗುರುತಿರುವ ಪ್ಲಾಸ್ಮಾ ಕೋಶಗಳಿಗಾಗಿ ಫ್ಲೋ ಸೈಟೋಮೆಟ್ರಿಯನ್ನೂ (ಕೋಶಗಳನ್ನು ಅವುಗಳ ಮೇಲಿನ ಗುರುತಿನಿಂದ ಪತ್ತೆಹಚ್ಚುವ ಪರೀಕ್ಷೆ) ಮಾಡಿಸಬೇಕಾಗುತ್ತದೆ. ಕ್ಷಯದ ಪತ್ತೆಗೆ ನೀರಿನಲ್ಲಿ ಅಳೆಯುವ ಎ.ಡಿ.ಎ. ಎಂಬ ಕಿಣ್ವದ ಪ್ರಮಾಣ ಮಯೆಲೋಮಾದ ನೀರಿನಲ್ಲೂ ಏರಬಹುದಾದ್ದರಿಂದ, ಅದೊಂದನ್ನೇ ನಂಬಿ ಕ್ಷಯವೆಂದು ನಿರ್ಧರಿಸುವುದು ಸಲ್ಲದು. ಗಂಟುಗಳ ವಿಷಯದಲ್ಲೂ ಕೊನೆಯ ಮಾತು ಬಯಾಪ್ಸಿಯದೇ (ತುಣುಕು ತೆಗೆದು ಮಾಡುವ ಪರೀಕ್ಷೆಯದೇ).

ಸ್ಕ್ಯಾನಿಗೆ ಹೋಗುವಾಗ ಮೂತ್ರಪಿಂಡದ ಸ್ಥಿತಿ ತಿಳಿಸುವ ಇತ್ತೀಚಿನ ಕ್ರಿಯಾಟಿನಿನ್ ವರದಿಯನ್ನು ಒಯ್ದು, ರೋಗಿಗೆ ಮಯೆಲೋಮಾ ಇದೆಯೆಂದು ಮೊದಲೇ ತಿಳಿಸಿ. ಚಿತ್ರ ಸ್ಪಷ್ಟವಾಗಲು ಚುಚ್ಚುವ ಕಾಂಟ್ರಾಸ್ಟ್ ದ್ರವವನ್ನು ಕೊಡಬೇಕೇ ಬೇಡವೇ ಎಂಬುದು ಇವನ್ನು ಅವಲಂಬಿಸಿದೆ. ಹಳೆಯ ಸ್ಕ್ಯಾನ್‌ಗಳ ಸಿ.ಡಿ.ಯನ್ನು ಮನೆಯಲ್ಲೇ ಬಿಟ್ಟು, ಮಡಚಿದ ವರದಿಯ ಹಾಳೆಯನ್ನಷ್ಟೇ ತರುವವರೇ ಹೆಚ್ಚು. ಗಡ್ಡೆ ಹೊಸದೋ ಹಳೆಯದೋ ಎಂದು ಹೋಲಿಸಲು ರೇಡಿಯಾಲಜಿಸ್ಟರಿಗೆ ಬೇಕಾಗಿರುವುದು ಆ ಚಿತ್ರಗಳು.