ಲೇಸಿಕ್ ಮಾಡಿಸೋರು ಬೇಸಿಗೆ ಬಿಟ್ಟು ದಿನ ನೋಡಿ

ಕನ್ನಡಕ ಬಿಡಬೇಕು ಅಂತ ಲೇಸರ್ ಆಪರೇಷನ್‌ಗೆ ಹೊರಟಿರುವ ಕಲಬುರಗಿಯವರಿಗೆ ಒಂದು ಮಾತು. ಏಪ್ರಿಲ್, ಮೇ ಬೇಡ. ಆಗ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮೇಲೆ ಧೂಳು. ಲೇಸಿಕ್ ಅನ್ನುವ ಈ ಲೇಸರ್ ಆಪರೇಷನ್ ಮಾಡುವಾಗ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಸಣ್ಣ ನರಗಳು ಕತ್ತರಿಸಿಹೋಗುವುದರಿಂದ ಕೆಲವು ತಿಂಗಳು ಕಣ್ಣು ಒಣಗುವುದು ಮಾಮೂಲು. ಅದರ ಜೊತೆ ದಿನವಿಡೀ ಕೂಲರ್ ಗಾಳಿ ಅಂದರೆ ಕೇಳಬೇಕಾ? ಚಳಿಗಾಲದಲ್ಲಿ ಮಾಡಿಸಿ.

ತಪಾಸಣೆಗೆ ಮುಂಚೆ ಕಾಂಟ್ಯಾಕ್ಟ್ ಲೆನ್ಸ್ ನಿಲ್ಲಿಸಬೇಕು. ಸಾಫ್ಟ್ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ. ಲೆನ್ಸ್ ಕಾರ್ನಿಯಾದ ಆಕಾರವನ್ನೇ ಸ್ವಲ್ಪ ಬದಲಿಸಿರುತ್ತದೆ, ಅಳತೆ ತಪ್ಪುತ್ತದೆ.

ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಲೇಸರ್ ಅದರಲ್ಲೇ ಸ್ವಲ್ಪ ತೆಗೆಯುತ್ತದೆ. ಮೈನಸ್ ನಂಬರ್ ದೊಡ್ಡದಾದಷ್ಟೂ ಜಾಸ್ತಿ ಹೋಗುತ್ತದೆ. ಹಾಗಾಗಿ ಆಫರ್ ರೇಟ್ ಕೇಳುವ ಮೊದಲು ದಪ್ಪದ ಅಳತೆ, ಟೋಪೋಗ್ರಫಿ (ಕಾರ್ನಿಯಾದ ಆಕಾರದ ನಕ್ಷೆ) ರಿಪೋರ್ಟ್ ಕೇಳಿ. ಕೆರಟೋಕೋನಸ್, ಅಂದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕಾಯಿಲೆಯ ಅನುಮಾನ ಇದ್ದರೆ ಲೇಸಿಕ್ ಬೇಡವೇ ಬೇಡ. ಆ ರಿಪೋರ್ಟನ್ನು ಜೋಪಾನವಾಗಿಡಿ. ವಯಸ್ಸಾದ ಮೇಲೆ ಪೊರೆ ಬಂದರೆ ಒಳಗಿಡುವ ಲೆನ್ಸಿನ ಪವರ್ ಲೆಕ್ಕ ಹಾಕಲು ಅದು ನೆರವಾಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ ನೋಡಿ.

18 ದಾಟಿರಬೇಕು, ಒಂದು ವರ್ಷವಾದರೂ ನಂಬರ್ ಬದಲಾಗಿರಬಾರದು. 40 ದಾಟಿದ ಮೇಲೆ ಓದುವ ಕನ್ನಡಕ ಹೇಗೂ ಬರಬಹುದು, ಅದಕ್ಕೆ ಡಾಕ್ಟರನ್ನು ಬೈಯಬೇಡಿ.

ಆಪರೇಷನ್ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೊಬ್ಬರು ಇರಲಿ. ಆಳಂದ, ಚಿತ್ತಾಪುರ ಕಡೆಯಿಂದ ಬರುವವರು ಮರುದಿನದ ಚೆಕಪ್ ಮುಗಿಸಿಯೇ ಬಸ್ ಹತ್ತಿ.